ನಾಲ್ಕು ಮೂರ್ಲಿ ಹನ್ನೆರಡು, ಆದ್ರೂ ತಪ್ಪಂತೆ!

(ಡಿ.ಎಡ್. ಗೆಳೆಯರ ಬಳಗ, ವಾಟ್ಸಾಪ್ ಗುಂಪು)

[ಫಾರ್ವರ್ಡ್ ಆದ ಫೋಟೊ: 2ನೇ ತರಗತಿ ಗಣಿತ ಹೋಂವರ್ಕ್ ಹಾಳೆ, ಮೂರು ಪ್ರಶ್ನೆ, ಮೂರಕ್ಕೂ ಕೆಂಪು ಗೀಟು]

ಸುಧಾ: ಈ ಹಾಳೆ ಎಲ್ಲಾ ಗುಂಪಲ್ಲೂ ಓಡಾಡ್ತಿದೆ. ಮೊದಲನೇದು ನೋಡಿ. "4 × 3 ಅನ್ನು ಪುನರಾವರ್ತಿತ ಸಂಕಲನವಾಗಿ ಬರೆಯಿರಿ." ಮಗು 4 + 4 + 4 = 12 ಅಂತ ಬರೆದಿದೆ. ಟೀಚರ್ ಅದನ್ನ ಹೊಡೆದು ಹಾಕಿ 3 + 3 + 3 + 3 ಅಂತ ತಿದ್ದಿದ್ದಾರೆ. ಯಾರು ಸರಿ?

ಬಸವರಾಜ: ಇದರಾಗ ಕೇಳೂದೇನೈತಿ? ಎರಡೂ ಹನ್ನೆರಡ. ಗೀಟು ಹಾಕಿದವರಿಗೇ ಒಂದು ಗೀಟು ಹಾಕ್ರಿ.

ಮಂಜುಳಾ: ಹನ್ನೆರಡು ಬಂತೋ ಇಲ್ವೋ ಅಂತ ಆ ಲೆಕ್ಕ ಕೇಳ್ತಾನೇ ಇಲ್ಲ ಕಣೋ. ಗುಂಪು ಎಷ್ಟು, ಒಂದೊಂದರಲ್ಲಿ ಎಷ್ಟು, ಅದು ಪ್ರಶ್ನೆ. ತರಗತಿಲಿ ಮೊದಲು ತಟ್ಟೆ ಜೋಡಿಸಿ ಕಲಿಸ್ತೀವಿ. 4 ತಟ್ಟೆ, ತಲಾ 3 ಹುಣಸೆಬೀಜ. ಅದನ್ನೇ 4 × 3 ಅಂತ ಬರೆಸ್ತೀವಿ. ಆಗ 3 + 3 + 3 + 3 ತಾನೆ?

ಬಸವರಾಜ: ಹಂಗಾರ ಮಗ್ಗಿ ಏನ್ ಮಾಡ್ತಿ? ನಾಕರ ಮಗ್ಗಿ ಬರಿ. 4 × 1 = 4, 4 × 2 = 8, 4 × 3 = 12. ಎಡಗಡೆ 4 ಅಲ್ಲಾಡೂದಿಲ್ಲ, ಒಂದೊಂದು ಸಾಲಿಗೆ ನಾಕ್ ನಾಕ್ ಕೂಡಕೋತ ಹೋಗ್ತೈತಿ. ಮಗ್ಗ್ಯಾಗ 4 × 3 ಅಂದ್ರ 4 + 4 + 4. ಮುಂಜಾನೆ ಮಗ್ಗಿ ಒದರಿಸಿ ಮಧ್ಯಾಹ್ನ ಅದ ತಪ್ಪು ಅಂದ್ರ ಹುಡುಗ ಯಾರ ಮಾತು ನಂಬ್ಬೇಕು?

ನಸ್ರೀನ್: ಬಸವರಾಜ್ ಹೇಳಿದ್ದೇ ಈ ಹಾಳೆಯ ನಿಜವಾದ ಗೊಂದಲ. ಒಂದೇ ತರಗತಿಯೊಳಗೆ ಎರಡು ಪದ್ಧತಿ ನಡೀತಿವೆ. ಗೋಡೆಗೆ ಅಂಟಿಸಿರೋ ಮಗ್ಗಿ ಪಟ್ಟಿಯದ್ದು ಒಂದು, ತಟ್ಟೆ-ಬೀಜದ್ದು ಇನ್ನೊಂದು. ಮಗ್ಗಿಯನ್ನೇ 1 × 4, 2 × 4, 3 × 4 ಅಂತ ಬರೆಸಿದ್ರೆ ಎರಡೂ ಹೊಂದಿಕೊಳ್ಳುತ್ತೆ. ಆದ್ರೆ ಬಾಯಿಪಾಠದ ಲಯ ಹೋಗುತ್ತೆ ಅಂತ ಯಾರೂ ಮುಟ್ಟಲ್ಲ.

ಗಣೇಶ: ಅಷ್ಟೆಲ್ಲ ಬೇಡ ಮಾರಾಯ್ತಿ. ಚುಕ್ಕಿ ಹಾಕಿಸು. 4 ಅಡ್ಡಸಾಲು, ಸಾಲಿಗೆ 3 ಚುಕ್ಕಿ. ಹಾಳೆ ಪಕ್ಕಕ್ಕೆ ತಿರುಗಿಸು, 3 ಸಾಲು, ಸಾಲಿಗೆ 4. ಜಗಳವೇ ಮುಗೀತು.

ಮಂಜುಳಾ: ಚುಕ್ಕಿ ತಿರುಗುತ್ತೆ, ಪೆನ್ಸಿಲ್ ತಿರುಗಲ್ಲ. 4 ಮಕ್ಕಳಿಗೆ ತಲಾ 3 ಪೆನ್ಸಿಲ್ ಕೊಡೋದು ಬೇರೆ, 3 ಮಕ್ಕಳಿಗೆ ತಲಾ 4 ಕೊಡೋದು ಬೇರೆ. ಈಗ ಬಿಟ್ರೆ ಭಾಗಾಕಾರದಲ್ಲಿ ಸಿಕ್ಕಿಹಾಕಿಕೊಳ್ತಾರೆ. 12 ಪೆನ್ಸಿಲನ್ನ 4 ಮಕ್ಕಳಿಗೆ ಸಮ ಹಂಚಿದ್ರೆ ತಲಾ 3. ಅದೇ 12ನ್ನ ನಾಲ್ಕು ನಾಲ್ಕರಂತೆ ಕಟ್ಟು ಕಟ್ಟಿದ್ರೆ 3 ಕಟ್ಟು. ಎರಡಕ್ಕೂ ಬರೆಯೋದು 12 ÷ 4 = 3. ಒಂದರಲ್ಲಿ 3 ಅಂದ್ರೆ ಪೆನ್ಸಿಲು, ಇನ್ನೊಂದರಲ್ಲಿ 3 ಅಂದ್ರೆ ಕಟ್ಟು. ಗುಂಪು ಯಾವುದು, ಗುಂಪಿನೊಳಗಿನದು ಯಾವುದು ಅಂತ ಬೇರೆ ಮಾಡಕ್ಕೆ ಬರದ ಮಗು ವಾಕ್ಯದ ಲೆಕ್ಕ ಬಂದಾಗ ಸಿಕ್ಕಿದ ಎರಡು ಅಂಕಿ ಹಿಡ್ಕೊಂಡು ಕೂಡುತ್ತೆ, ಇಲ್ಲಾ ಗುಣಿಸುತ್ತೆ.

ಬಸವರಾಜ: ಒಪ್ಪಿದೆ. ಹಂಗಿದ್ರ ಪ್ರಶ್ನೆಯೊಳಗ ಮಕ್ಕಳು, ಪೆನ್ಸಿಲ್ ಬರೀಬೇಕಿತ್ತಿಲ್ಲೋ? ಬರೇ 4 × 3 ಅಂತ ಕೊಟ್ಟು, ನನ್ನ ಮನಸ್ಸಿನಾಗಿನ ತಟ್ಟೆ ನಿನಗ್ಯಾಕ ಕಾಣಲಿಲ್ಲ ಅಂದ್ರ?

ಮಂಜುಳಾ: ಅದು ಹಾಳೆ ಮಾಡಿದವರ ತಪ್ಪು. ಪದ್ಧತಿ ತಪ್ಪಲ್ಲ.

ಸುಧಾ: ಮನೇಲಿ ಪಕ್ಕದಲ್ಲಿ ಕೂತ ಅಮ್ಮನಿಗೆ ತರಗತಿಲಿ ಹುಣಸೆಬೀಜ ಬಂದಿತ್ತು ಅಂತ ಹೇಗೆ ಗೊತ್ತಾಗ್ಬೇಕು? ಅವರು ಮಗ್ಗಿ ಪ್ರಕಾರವೇ ಹೇಳಿಕೊಟ್ಟಿರ್ತಾರೆ. ಇರ್ಲಿ, ಎರಡನೇದನ್ನ ಯಾರೂ ನೋಡ್ಲೇ ಇಲ್ಲ. 8 + 4 = ☐ + 5. ಮಗು ಚೌಕದಲ್ಲಿ 12 ಬರೆದಿದೆ.

ನಸ್ರೀನ್: ಅದು ಎಲ್ಲಾ ಕಡೆ ಆಗೋ ತಪ್ಪು. ಕೆಲವರು 12 ಬರೀತಾರೆ, ಇನ್ನು ಕೆಲವರು ಮೂರನ್ನೂ ಕೂಡಿ 17 ಬರೀತಾರೆ. ಬೇಕಾಗಿರೋದು 7. ಒಂದನೇ ತರಗತಿಯಿಂದ ನಾವು 8 + 4 = ___ ಅಂತ ಬಲಗಡೆಗೇ ಖಾಲಿ ಬಿಟ್ಟು ಅಭ್ಯಾಸ ಮಾಡಿಸಿರ್ತೀವಿ. ಮಗುವಿಗೆ = ಅಂದ್ರೆ "ಉತ್ತರ ಇಲ್ಲಿ ಬರಿ" ಅಂತಷ್ಟೇ. ಎರಡೂ ಕಡೆ ಸಮ ಅನ್ನೋ ಅರ್ಥ ಅದಕ್ಕೆ ಸಿಕ್ಕೇ ಇಲ್ಲ. ಮೊದಲು 12 = 8 + 4 ಅಂತ ತಿರುಗಿಸಿ ಬರೆಸಬೇಕು, ಆಮೇಲೆ 7 = 7, ಆಮೇಲೆ 8 + 4 = 7 + 5 ಸರಿಯೋ ತಪ್ಪೋ ಅಂತ ಕೇಳಬೇಕು. ಖಾಲಿ ಚೌಕ ಕೊನೆಗೆ. ಈ ಹಾಳೆ ನೇರ ಕೊನೇ ಮೆಟ್ಟಿಲಿಗೆ ಹಾರಿದೆ.

ಗಣೇಶ: ಬಟ್ಟೆ ಹ್ಯಾಂಗರಿಗೆ ಎರಡೂ ತುದಿಗೆ ಕ್ಲಿಪ್ ಸಿಗಿಸಿ ತೋರಿಸ್ಬಹುದು. ಎಡಕ್ಕೆ 8 ಮತ್ತು 4, ಬಲಕ್ಕೆ 5, ಇನ್ನೆಷ್ಟು ಹಾಕಿದ್ರೆ ನೆಟ್ಟಗೆ ನಿಲ್ಲುತ್ತೆ ಅಂತ.

ನಸ್ರೀನ್: ಹ್ಯಾಂಗರ್ ಉದ್ದಕ್ಕೂ ಕ್ಲಿಪ್ ಸಿಗಿಸಿದ್ರೆ ಪಾಠ ಕೆಡುತ್ತೆ. ತುದಿಯ ಕ್ಲಿಪ್ ಹೆಚ್ಚು ಜಗ್ಗುತ್ತೆ, ನಡುವಿನ ಹತ್ತಿರದ್ದು ಕಡಿಮೆ. 12ಕ್ಕೆ 12 ಇದ್ರೂ ವಾಲುತ್ತೆ, ಮಗು "ಸಮ ಇಲ್ಲ ಟೀಚರ್" ಅನ್ನುತ್ತೆ, ಅದು ಹೇಳಿದ್ದೂ ನಿಜವೇ! ಎರಡೂ ತುದಿಗೆ ಒಂದೇ ಅಳತೆಯ ಚಿಕ್ಕ ಚೀಲ ಕಟ್ಟಿ, ಕ್ಲಿಪ್ ಅದರೊಳಗೆ ಹಾಕಿ. ಎಲ್ಲಾ ಒಂದೇ ಥರದ ಕ್ಲಿಪ್ ಇರ್ಲಿ.

ಬಸವರಾಜ: ಮೂರನೇದು ಗಡಿಯಾರ. ದೊಡ್ಡ ಮುಳ್ಳು 6ರ ಮ್ಯಾಲೆ, ಸಣ್ಣ ಮುಳ್ಳು ಸರಿಯಾಗಿ 3ರ ಮ್ಯಾಲೆ. ಟೀಚರ್ ಪ್ರಕಾರ ಉತ್ತರ ಮೂರೂವರಿ ಅಂತ. ಇಂಥ ಗಡಿಯಾರ ಕೆಟ್ಟಿದ್ರಷ್ಟ ಇರ್ತೈತಿ. ಸಣ್ಣ ಮುಳ್ಳು ತಾಸಿಗೆ 30 ಡಿಗ್ರಿ ಸರೀತೈತಿ, ಅರ್ಧ ತಾಸಿಗೆ 15. ಮೂರೂವರಿಗೆ ಅದು 3 ಮತ್ತು 4ರ ನಟ್ಟನಡುವ ಇರ್ಬೇಕು.

ಮಂಜುಳಾ: ಇದರಲ್ಲಿ ನಿನ್ನ ಪಕ್ಷ ನಾನು. ಮೂರು ಗಂಟೆ ಚಿತ್ರ ಕಾಪಿ ಮಾಡಿ ದೊಡ್ಡ ಮುಳ್ಳು ಮಾತ್ರ ತಿರುಗಿಸಿದ್ರೆ ಹೀಗೇ ಆಗೋದು. ರಟ್ಟಿನ ಗಡಿಯಾರದ್ದೂ ಇದೇ ರೋಗ, ಎರಡು ಮುಳ್ಳಿಗೂ ಸಂಬಂಧವೇ ಇಲ್ಲ. ಇದರಲ್ಲಿ ಕಲಿತ ಮಗು ಗೋಡೆ ಗಡಿಯಾರದಲ್ಲಿ 3:45 ನೋಡಿದ್ರೆ 4:45 ಅನ್ನುತ್ತೆ, ಸಣ್ಣ ಮುಳ್ಳು 4ರ ಹತ್ತಿರ ಬಂದಿರುತ್ತಲ್ಲ. ಹಳೇ ಗೋಡೆ ಗಡಿಯಾರದ ಗಾಜು ಬಿಚ್ಚಿ ದೊಡ್ಡ ಮುಳ್ಳು ತೆಗೆದಿಡಬೇಕು. ಹಿಂದಿನ ತಿರುಗಣಿ ತಿರುಗಿಸಿ ಸಣ್ಣದನ್ನ ಮಾತ್ರ ಓದಿಸಬೇಕು. "ಮೂರಾಯ್ತು", "ಮೂರು ಕಳೀತು", "ನಾಲ್ಕಾಗ್ತಾ ಬಂತು". ಇಷ್ಟು ಬಂದ ಮೇಲೆ ನಿಮಿಷ.

ಗಣೇಶ: ಎರಡನೇ ತರಗತಿಗೆ ಹೋಂವರ್ಕೇ ಯಾಕೆ ಅಂತ ಯಾರೂ ಕೇಳ್ತಿಲ್ಲವಲ್ಲ! 2018ರಲ್ಲಿ ಮದ್ರಾಸ್ ಹೈಕೋರ್ಟ್ ಒಂದು, ಎರಡನೇ ತರಗತಿಗೆ ಕೊಡಬೇಡಿ ಅಂದಿತು. 2020ರ ಕೇಂದ್ರದ ಶಾಲಾ ಬ್ಯಾಗ್ ನೀತಿಯೂ ಎರಡನೇ ತರಗತಿವರೆಗೆ ಬೇಡ ಅನ್ನುತ್ತೆ. 3ರಿಂದ 5ಕ್ಕೆ ವಾರಕ್ಕೆ ಹೆಚ್ಚಂದ್ರೆ 2 ಗಂಟೆ. ಚಿಕ್ಕ ಮಕ್ಕಳು ಸಂಜೆ ಏನಾಡಿದ್ರು, ಏನು ತಿಂದ್ರು ಅಂತ ಮಾರನೇ ದಿನ ತರಗತಿಲಿ ಮಾತಾಡಲಿ ಅಂತಲೂ ಅದರಲ್ಲಿದೆ.

ಸುಧಾ: ಅದಕ್ಕೇ ಹೋಂವರ್ಕ್ ಅನ್ನಲ್ಲ, "ಚಟುವಟಿಕೆ" ಅಂತಾರೆ. ಹಾಳೆ ಅದೇ. ನೆಟ್‌ನಿಂದ ಇಳಿಸಿದ ಬಣ್ಣದ ಹಾಳೇನ ಕಪ್ಪು-ಬಿಳುಪು ಜೆರಾಕ್ಸ್ ಮಾಡಿ "ಕೆಂಪು ಚೆಂಡು ಎಣಿಸಿ" ಅಂತ ಕಳಿಸೋದೂ ಚಟುವಟಿಕೆನೇ.

ಹೆಗಡೆ ಸರ್: ಓದುತ್ತಿದ್ದೆ. ಮೊದಲ ಪ್ರಶ್ನೆಗೆ ಹೀಗೆ ಮಾಡಿ. ಲೆಕ್ಕದ ಪಕ್ಕದಲ್ಲಿ ಎರಡು ಅಂಗುಲ ಜಾಗ ಬಿಟ್ಟು "ಚಿತ್ರ ಬರೆ" ಎನ್ನಿ. 4 + 4 + 4 ಬರೆದ ಮಗು ನಾಲ್ಕು ನಾಲ್ಕರ ಮೂರು ಗುಂಪು ಬರೆದಿದ್ದರೆ ಅದಕ್ಕೆ ವಿಷಯ ಗೊತ್ತಿದೆ, ನಿಮ್ಮ ಬರವಣಿಗೆಯ ಕ್ರಮ ಗೊತ್ತಿಲ್ಲ ಅಷ್ಟೆ. ಅದಕ್ಕೆ ಗೀಟು ಬೇಡ, ಪಕ್ಕದಲ್ಲಿ 3 × 4 ಎಂದು ಬರೆದು ಕೊಡಿ. ಲೆಕ್ಕ ಒಂದು, ಚಿತ್ರ ಇನ್ನೊಂದು ಆಗಿದ್ದರೆ ಮಾತ್ರ ಮಗುವನ್ನು ಕರೆದು ಬೀಜ ಜೋಡಿಸಿ.

ಮಂಜುಳಾ: ಸರ್, 40 ಮಕ್ಕಳ ಚಿತ್ರ ನೋಡೋಕೆ ಹೊತ್ತೆಲ್ಲಿ?

ಹೆಗಡೆ ಸರ್: ಹೋಂವರ್ಕ್ ಆಗಿ ಕೊಡದೆ ತರಗತಿಯಲ್ಲೇ ಬರೆಸಿದರೆ ಸಾಲುಗಳ ನಡುವೆ ಓಡಾಡುತ್ತ ನೋಡಬಹುದು. ಮನೆಗೆ ಕಳಿಸಲೇಬೇಕೆಂದರೆ ಹಾಳೆಯ ಮೇಲೆ ಒಂದು ಬಿಡಿಸಿದ ಉದಾಹರಣೆ ಕೊಡಿ.

ನಸ್ರೀನ್: ಹೀಗಿದ್ರೆ ಆಗುತ್ತಾ ಸರ್?
"ಮಾದರಿ: 2 ತಟ್ಟೆ, ತಟ್ಟೆಗೆ 5 ಬೀಜ. 5 + 5 = 10. ನಾವು 2 × 5 ಎಂದು ಬರೆಯುತ್ತೇವೆ.
ಈಗ ನೀನು: 4 ತಟ್ಟೆ, ತಟ್ಟೆಗೆ 3 ಬೀಜ. ಚಿತ್ರ ಬರೆ. ಕೂಡಿ ಬರೆ. × ಹಾಕಿ ಬರೆ."

ಹೆಗಡೆ ಸರ್: ಆಗುತ್ತದೆ. ಮಾದರಿಗೆ 2 × 2 ಮಾತ್ರ ಎಂದೂ ಹಾಕಬೇಡಿ. ಯಾವ 2 ತಟ್ಟೆ, ಯಾವ 2 ಬೀಜ ಎಂದು ತಿಳಿಯುವುದಿಲ್ಲ.

ಬಸವರಾಜ: ಇದನ್ನ ಟೈಪ್ ಮಾಡಿ ಹಾಕು ನಸ್ರೀನ್, ನಮ್ಮ ಕ್ಲಸ್ಟರ್‌ನಾಗ, ಅಂದ್ರ ಸುತ್ತಲಿನ ಸಾಲಿಗಳ ಗುಂಪಿನಾಗ, ಕೊಡ್ತೀನಿ. ಆದ್ರ 4 + 4 + 4ಕ್ಕ ನಾ ತಪ್ಪು ಹಾಕಂಗಿಲ್ಲ.

ಮಂಜುಳಾ: ನಾನು ಗೀಟು ಹಾಕಲ್ಲ, ಸರ್ ಹೇಳಿದ ಹಾಗೆ 3 × 4 ಅಂತ ಬರೀತೀನಿ. ಆದ್ರೆ ನನ್ನ ತರಗತಿಲಿ 4 × 3 ಅಂದ್ರೆ ನಾಲ್ಕು ಗುಂಪೇ.

ಬಸವರಾಜ: ಹಂಗಾರ ನಾಳೆ ಗ್ವಾಡಿ ಮ್ಯಾಲಿನ ಮಗ್ಗಿ ಪಟ್ಟಿ ತಗದು ಕಪಾಟಿನಾಗ ಇಡವಾ.