ಅಪ್‌ಡೇಟ್: ಎರಡೂ ಕಡೆ ಫೈಟ್ಸ್ ಫಸ್ಟ್ ಇದ್ದರೆ ಮೊದಲ ಏಟು ಯಾರದು?

ವಾರ್‌ಹ್ಯಾಮರ್ 40,000 (ಪುಟ್ಟ ಬೊಂಬೆ ಸೈನ್ಯಗಳನ್ನ ಮೇಜಿನ ಮೇಲೆ ಇಟ್ಟು ಆಡುವ ಯುದ್ಧದಾಟ), 10ನೇ ಆವೃತ್ತಿ. ಎದುರಾಳಿ ತನ್ನ ಸರದಿಯಲ್ಲಿ ಚಾರ್ಜ್ ಮಾಡಿದ (ಅಂದರೆ ಕೈಕೈ ಹೋರಾಟಕ್ಕೆ ಮೈಮೇಲೆ ನುಗ್ಗಿದ), ನನ್ನ ಯೂನಿಟ್‌ಗೆ (ತುಕಡಿಗೆ) ಹುಟ್ಟಿನಿಂದಲೇ ಫೈಟ್ಸ್ ಫಸ್ಟ್, ಅಂದರೆ ಅದು ಇಲ್ಲದ ಯೂನಿಟ್‌ಗಳಿಗಿಂತ ಮೊದಲೇ ಹೊಡೆಯುವ ಹಕ್ಕು, ಇದೆ, ಯಾರು ಮೊದಲು ಹೊಡೀಬೇಕು ಅಂತ ಕೇಳಿದ್ದೆ. ಉತ್ತರ ಖಚಿತವಾಗಿದೆ: ನಾನು.

ಚಾರ್ಜ್ ಮಾಡಿದ ಯೂನಿಟ್‌ಗೂ ಆ ಸರದಿ ಮುಗಿಯುವವರೆಗೆ ಅದೇ ಫೈಟ್ಸ್ ಫಸ್ಟ್ ಸಿಗುತ್ತೆ, ಅದಕ್ಕಿಂತ ಮೇಲಿನದೇನಲ್ಲ. ಗೊಂದಲ ಹುಟ್ಟೋದು "ಒಂದೇ ಹೊತ್ತಿಗೆ ಎರಡು ನಿಯಮ ಬಂದರೆ ಸರದಿ ಯಾರದೋ ಅವರೇ ಕ್ರಮ ನಿರ್ಧರಿಸಲಿ" ಅನ್ನೋ ಸಾಮಾನ್ಯ ನಿಯಮವನ್ನ ಇಲ್ಲಿಗೆ ಎಳೆದು ತಂದಾಗ. ಫೈಟ್ ಫೇಸ್‌ಗೆ (ಸರದಿಯಲ್ಲಿ ಕೈಕೈ ಹೋರಾಟ ನಡೆಯುವ ಹಂತಕ್ಕೆ) ತನ್ನದೇ ಕ್ರಮವಿದೆ: ಸರದಿ ಯಾರದಲ್ಲವೋ ಅವರಿಂದ ಶುರು, ಆಮೇಲೆ ಒಬ್ಬರಾದ ಮೇಲೆ ಒಬ್ಬರು.

ಮೇಜಿನ ಮೇಲೆ ಇಟ್ಟು ನೋಡಿ. ಅವನ ಅ, ಬ ಯೂನಿಟ್‌ಗಳು ಎರಡೂ ಚಾರ್ಜ್ ಮಾಡಿವೆ. ನನ್ನ ಕ ಫೈಟ್ಸ್ ಫಸ್ಟ್, ಗ ಸಾಧಾರಣ. ಕ್ರಮ: ಕ, ಅ, ಬ, ಕೊನೆಗೆ ಗ. ಬ ಹೊಡೆತಕ್ಕೆ ಗ ಉಳಿಯಲ್ಲ ಅನಿಸಿದರೆ, ಅ ಹೊಡೆದು ಮುಗಿಸಿದ ತಕ್ಷಣ 2 ಕಮಾಂಡ್ ಪಾಯಿಂಟ್ (ವಿಶೇಷ ತಂತ್ರಗಳಿಗೆ ಖರ್ಚು ಮಾಡುವ ಅಂಕ) ಕೊಟ್ಟು ಕೌಂಟರ್-ಅಫೆನ್ಸಿವ್ ತಂತ್ರ ಹೇಳಿ; ಗ ನಡುವೆ ನುಗ್ಗುತ್ತೆ. ಎದುರಾಳಿ ಬ ದಾಳ ಕೈಗೆತ್ತಿಕೊಳ್ಳುವ ಮೊದಲೇ ಹೇಳಬೇಕು, ವಾದವೆಲ್ಲ ಆಗೋದು ಅಲ್ಲೇ.

ಹೀರೋಯಿಕ್ ಇಂಟರ್ವೆನ್ಷನ್‌ನಿಂದ (ಎದುರಾಳಿಯ ಸರದಿಯಲ್ಲೇ ಚಾರ್ಜ್ ಮಾಡಿಸುವ ತಂತ್ರ) ಬಂದ ಯೂನಿಟ್‌ಗೆ ಮಾತ್ರ ಚಾರ್ಜ್ ಬೋನಸ್, ಅಂದರೆ ಚಾರ್ಜ್‌ನಿಂದ ಸಿಗುವ ಆ ಫೈಟ್ಸ್ ಫಸ್ಟ್, ಇಲ್ಲ.