ರಾಸ್ಪ್‌ಬೆರಿ ಪೈ ಎಷ್ಟರ ಮಟ್ಟಿಗೆ ಮುಕ್ತ?

ಪ್ರಶ್ನೆ:
ನಮ್ಮ ಪ್ರೌಢಶಾಲೆಗೆ ಕಡಿಮೆ ಬೆಲೆಯ, ಒಂದೇ ಬೋರ್ಡ್‌ನ ಪುಟ್ಟ ಕಂಪ್ಯೂಟರ್‌ಗಳನ್ನು ಕೊಳ್ಳಬೇಕೆಂದಿದ್ದೇವೆ. ರಾಸ್ಪ್‌ಬೆರಿ ಪೈ 3ರಲ್ಲಿ ಲಿನಕ್ಸ್ ನಡೆಯುತ್ತದೆ, ಅದರ ತಿರುಳಾದ ಕರ್ನಲ್‌ನ ಸೋರ್ಸ್ ಕೋಡ್ ಕೂಡ ಸಿಗುತ್ತದೆ. ಹೀಗಿದ್ದೂ ಅದು ಸ್ವತಂತ್ರ ತಂತ್ರಾಂಶದ (ಯಾರು ಬೇಕಾದರೂ ಓದಿ, ಬದಲಿಸಿ, ಹಂಚಬಹುದಾದ ತಂತ್ರಾಂಶದ) ಯಂತ್ರವಲ್ಲವೆಂದು ಕೆಲವರು ಹೇಳುವುದೇಕೆ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ತೊಡಕಿರುವುದು ಕರ್ನಲ್‌ಗಿಂತ ಮೊದಲಿನ ಹಂತದಲ್ಲಿ. ವಿದ್ಯುತ್ ಕೊಟ್ಟಾಗ ಮೊದಲು ಕೆಲಸ ಆರಂಭಿಸುವುದು ಲಿನಕ್ಸ್ ನಡೆಸುವ ಎಆರ್‌ಎಂ ಪ್ರೊಸೆಸರ್ ಅಲ್ಲ, ಪೈಯ ಬ್ರಾಡ್‌ಕಾಮ್ ಚಿಪ್‌ನೊಳಗಿನ ವಿಡಿಯೋಕೋರ್ ಎಂಬ ಗ್ರಾಫಿಕ್ಸ್ ಪ್ರೊಸೆಸರ್. ಅದು ಎಸ್‌ಡಿ ಕಾರ್ಡ್‌ನಿಂದ ಬೂಟ್‌ಕೋಡ್.ಬಿನ್, ಅನಂತರ ಸ್ಟಾರ್ಟ್.ಎಲ್ಫ್ ಎಂಬ ಫೈಲ್‌ಗಳನ್ನು ಓದಿಕೊಂಡು, ಮೆಮೊರಿಯನ್ನು ಸಜ್ಜುಗೊಳಿಸಿ, ಕರ್ನಲ್ ಅನ್ನು ಲೋಡ್ ಮಾಡಿದ ಬಳಿಕವಷ್ಟೇ ಎಆರ್‌ಎಂಗೆ ಸರದಿ ಬರುತ್ತದೆ. ಈ ಎರಡೂ ಫೈಲ್‌ಗಳು ಫರ್ಮ್‌ವೇರ್, ಅಂದರೆ ಚಿಪ್ ಒಳಗೇ ನಡೆಯುವ ತಂತ್ರಾಂಶ; ಅವುಗಳ ಸೋರ್ಸ್ ಕೋಡ್ ಅನ್ನು ಬ್ರಾಡ್‌ಕಾಮ್ ಬಿಡುಗಡೆ ಮಾಡಿಲ್ಲ. ಸ್ಟಾರ್ಟ್.ಎಲ್ಫ್ ಅನ್ನು ಕಾರ್ಡ್‌ನಿಂದ ಅಳಿಸಿದರೆ ಹಸಿರು ದೀಪ ಮಿನುಗುತ್ತದೆಯೇ ಹೊರತು ಲಿನಕ್ಸ್ ಆರಂಭವಾಗುವುದಿಲ್ಲ. ಗ್ರಾಫಿಕ್ಸ್‌ಗಾಗಿ ಮೆಸಾ ಎಂಬ ತಂತ್ರಾಂಶದಲ್ಲಿರುವ ಡ್ರೈವರ್ (ಲಿನಕ್ಸ್ ಕಡೆಯಿಂದ ಆ ಭಾಗವನ್ನು ಬಳಸುವ ತಂತ್ರಾಂಶ) ಮುಕ್ತವಾಗಿದೆ, ನಿಜ. ಆದರೆ ಡ್ರೈವರ್ ಬೇರೆ, ಫರ್ಮ್‌ವೇರ್ ಬೇರೆ.

ಉತ್ತರ 2:
ಆಲ್‌ವಿನ್ನರ್ ಎ20 ಚಿಪ್ ಇರುವ ಓಲಿಮೆಕ್ಸ್ ಬೋರ್ಡ್‌ಗಳನ್ನು ಪರಿಶೀಲಿಸಿ. ಅವುಗಳಲ್ಲಿ ಮೆಮೊರಿಯನ್ನು ಸಜ್ಜುಗೊಳಿಸುವ ಕೆಲಸವನ್ನೂ ಯು-ಬೂಟ್ ಎಂಬ ಮುಕ್ತ ಬೂಟ್‌ಲೋಡರ್ (ಯಂತ್ರವನ್ನು ಆರಂಭಿಸುವ ತಂತ್ರಾಂಶ) ಮಾಡುತ್ತದೆ. ಎ20ರ ಮಾಲಿ-400 ಗ್ರಾಫಿಕ್ಸ್‌ಗೆ ಬೇಕಾದ ಲೀಮಾ ಡ್ರೈವರ್ 2019ರಲ್ಲಿ ಲಿನಕ್ಸ್ 5.2ಕ್ಕೆ ಸೇರಿತು. ವೈಫೈಗೆ ಎಥೆರಾಸ್ ಎಆರ್9271 ಚಿಪ್ ಇರುವ ಯುಎಸ್‌ಬಿ ಅಡಾಪ್ಟರ್ ಹಾಕಿಕೊಳ್ಳಿ, ಅದರ ಫರ್ಮ್‌ವೇರ್‌ನ ಸೋರ್ಸ್ ಕೋಡ್ ಲಭ್ಯವಿದೆ. ಆದರೆ ಎ20 ಹಳೆಯ ಚಿಪ್. ಇಂದಿನ ಬ್ರೌಸರ್‌ಗಳಿಗೆ ಅದರ ವೇಗ ಸಾಲದು.

ಉತ್ತರ 3:
ಮೇಲಿನವರ ಮಾತು ಸರಿ, ಆದರೆ ಎ20ರ ಒಳಗೂ ಬದಲಿಸಲಾಗದ ಬೂಟ್ ರೋಮ್ (ಚಿಪ್‌ನಲ್ಲೇ ಅಚ್ಚಾಗಿರುವ ಆರಂಭದ ಕೋಡ್) ಒಂದಿದೆ. ಸ್ವತಂತ್ರ ತಂತ್ರಾಂಶಕ್ಕೆ ಹೆಸರಾದ ಲಿನಕ್ಸ್ ವಿತರಣೆ ಡೆಬಿಯನ್‌ನವರೇ 2022ರಲ್ಲಿ ಮತ ಹಾಕಿ, ಮುಕ್ತವಲ್ಲದ ಫರ್ಮ್‌ವೇರ್ ಅನ್ನು ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಸೇರಿಸಲು ಒಪ್ಪಿದರು. ಶಾಲೆಯ ಮಟ್ಟಿಗೆ ನಾನಾದರೆ ಪೈಯನ್ನೇ ಆರಿಸಿ, ಆ ಎರಡು ಫೈಲ್‌ಗಳ ವಿಷಯವನ್ನು ಮಕ್ಕಳಿಗೆ ಮೊದಲ ಪಾಠದಲ್ಲೇ ತಿಳಿಸುತ್ತೇನೆ.