ಸಹಾಯ ಬೇಕು: ಎಎನ್‌ಆರ್‌ಎಫ್ ಅರ್ಜಿಯ ಬಜೆಟ್ ಪುಟ

ಗೆಳೆಯರೇ, ರಾಜ್ಯ ವಿಶ್ವವಿದ್ಯಾಲಯವೊಂದರ ರಸಾಯನಶಾಸ್ತ್ರ ವಿಭಾಗದಿಂದ ಎಎನ್‌ಆರ್‌ಎಫ್‌ಗೆ (ಸಂಶೋಧನೆಗೆ ಅನುದಾನ ಕೊಡುವ ಕೇಂದ್ರದ ಸಂಸ್ಥೆ; 2023ರ ಕಾಯ್ದೆಯ ನಂತರ ಇದೇ ಕೆಲಸದ ಹಳೆಯ ಎಸ್‌ಇಆರ್‌ಬಿ ಇದರಲ್ಲೇ ಸೇರಿತು) ಮೂರು ವರ್ಷದ ಪ್ರಾಜೆಕ್ಟ್ ಅರ್ಜಿ ಹಾಕುತ್ತಿದ್ದೇವೆ. ವಿಜ್ಞಾನದ ಭಾಗ ಸಿದ್ಧ, ತೊಡಕಿರುವುದು ಬಜೆಟ್‌ನಲ್ಲಿ.

ರೋಟರಿ ಇವಾಪೊರೇಟರ್ (ದ್ರಾವಕವನ್ನು ಆವಿಯಾಗಿಸಿ ತೆಗೆಯುವ ಯಂತ್ರ) ಕೊಟೇಶನ್‌ನಲ್ಲಿ ವ್ಯಾಕ್ಯೂಮ್ ಪಂಪ್ ಇಲ್ಲ, ಚಿಲ್ಲರ್ ಇಲ್ಲ, ಜಿಎಸ್‌ಟಿ ಬೇರೆ. ಇವನ್ನೆಲ್ಲ ಈಗಲೇ ಉಪಕರಣದ ಹೆಡ್‌ಗೆ (ಬಜೆಟ್ ಶೀರ್ಷಿಕೆಗೆ) ಸೇರಿಸದಿದ್ದರೆ ಆಮೇಲೆ ಕೆಮಿಕಲ್ಸ್ ದುಡ್ಡಲ್ಲಿ ಕೊಳ್ಳಲಾಗದು. ಕ್ಯಾಪಿಟಲ್ (ಉಪಕರಣ), ಜನರಲ್ (ಕೆಮಿಕಲ್ಸ್‌ನಂಥ ಖರ್ಚು) ಲೆಕ್ಕ ಬೇರೆ ಬೇರೆ. ಬೆರೆಸಿದರೆ ಜಿಎಫ್‌ಆರ್ (ಕೇಂದ್ರದ ಹಣಕಾಸು ನಿಯಮಗಳು) 12-ಎ ನಮೂನೆಯ ಬಳಕೆ ಪ್ರಮಾಣಪತ್ರದಲ್ಲಿ ಸಿಕ್ಕಿಬೀಳುತ್ತೆ.

ವಾರಂಟಿ ಮುಗಿದ ಮೇಲಿನ ಎಎಂಸಿಯನ್ನು (ವಾರ್ಷಿಕ ನಿರ್ವಹಣಾ ಒಪ್ಪಂದ) ಯಾವ ಹೆಡ್‌ನಲ್ಲಿ ತೋರಿಸಿದ್ದೀರಿ? ಎಂಡಾರ್ಸ್‌ಮೆಂಟ್ ಪತ್ರದ (ಅರ್ಜಿಗೆ ವಿಶ್ವವಿದ್ಯಾಲಯ ಕೊಡುವ ಒಪ್ಪಿಗೆ) ಕಡತ ನಿಮ್ಮಲ್ಲಿ ಯಾರ್ಯಾರ ಟೇಬಲ್ ದಾಟುತ್ತೆ? (ಕೊನೆಯ ವಾರ ಹಣಕಾಸು ಶಾಖೆಯಲ್ಲಿ ಕೂತರೆ ಕಥೆ ಮುಗಿಯಿತು.) ಮಂಜೂರಾದ ಬಜೆಟ್ ಪುಟ ಇದ್ದವರು ಹೆಸರು ಮುಚ್ಚಿ ಕಳಿಸಿದರೆ ದೊಡ್ಡ ಉಪಕಾರ.